ಕಂದು ಶಾಯಿ, ಕಪ್ಪು ಚಾಕ್, ನೀಲಿ ಕಾಗದ: ಬರೋಕ್ ರೇಖಾಚಿತ್ರದ ಕೆಳಗಿನ ಸಾಲನ್ನು ಓದುವ ಬಗೆ

ದೊಡ್ಡ ಮ್ಯೂಸಿಯಂಗಳು ತಮ್ಮ ಕಪಾಟುಗಳಲ್ಲಿದ್ದ ಹಳೆಯ ರೇಖಾಚಿತ್ರಗಳನ್ನು ಈಗ ಇಂಟರ್ನೆಟ್ಟಿಗೆ ಹಾಕಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲೇ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. ನಾನೂರು ವರ್ಷ ಹಳೆಯ ಹಾಳೆಯ ನಾರು ಕಾಣುವಷ್ಟು ಹಿಗ್ಗಿಸಿ ಮೊಬೈಲಿನಲ್ಲೇ ನೋಡಬಹುದು. ತೊಡಕಾಗುವುದು ಚಿತ್ರದ ಕೆಳಗಿನ ವಿವರದ ಸಾಲು. ಅದು ಹೆಚ್ಚುಕಡಿಮೆ ಹೀಗಿರುತ್ತದೆ: ಪೆನ್ನು ಮತ್ತು ಕಂದು ಶಾಯಿ, ಕಂದು ವಾಶ್, ಬಿಳಿ ಬಣ್ಣದ ಮೆರುಗು, ಕಪ್ಪು ಚಾಕಿನ ಮೇಲೆ, ನೀಲಿ ಕಾಗದ, ಕೆಂಪು ಚಾಕಿನಲ್ಲಿ ಚೌಕಳಿ ಹಾಕಿದೆ.

ಮೇಲ್ನೋಟಕ್ಕೆ ಇದು ಸಾಮಾನಿನ ಪಟ್ಟಿ. ನಿಜವಾಗಿ ಇದರಲ್ಲಿರುವುದು ಕೆಲಸ ನಡೆದ ಕ್ರಮ, ಅದೂ ಬಹುಮಟ್ಟಿಗೆ ತಿರುಗುಮುರುಗಾಗಿ. ಕಣ್ಣಿಗೆ ಎದ್ದು ಕಾಣುವ ಶಾಯಿ ಮೊದಲು ಬರುತ್ತದೆ, ಅದರ ಅಡಿಯಲ್ಲಿರುವ ಚಾಕ್ ಆಮೇಲೆ, ಎಲ್ಲಕ್ಕೂ ಕೆಳಗಿರುವ ಕಾಗದ ಅದಕ್ಕೂ ಆಮೇಲೆ. ಕಲಾವಿದ ಕೆಲಸ ಮಾಡಿದ್ದು ಕಾಗದದಿಂದ ಮೇಲಕ್ಕೆ. ನಾವೂ ಹಾಗೇ ಹೋಗೋಣ.

ಈ ಹಾಳೆಗಳು ಯಾವುದಕ್ಕಾಗಿ?

ಬರೋಕ್ ಎನ್ನುವುದು ಸುಮಾರು 1600ರಿಂದ 1750ರವರೆಗೆ ಯುರೋಪಿನಲ್ಲಿ ನಡೆದ ಕಲಾಶೈಲಿ, ಹುಟ್ಟಿದ್ದು ರೋಮಿನಲ್ಲಿ. ತಿರುಚಿದ ಮೈ, ಹಾರುವ ಬಟ್ಟೆ, ಒಂದು ಕಡೆಯಿಂದ ನುಗ್ಗಿ ಬರುವ ಬೆಳಕು ಅದರ ಗುರುತು. ಆಗಿನ ಶ್ರೀಮಂತರ ಅರಮನೆಗಳ ಚಾವಣಿಗೆ ಗ್ರೀಕ್-ರೋಮನ್ ಪುರಾಣದ ಕಥೆಗಳೇ ಬೇಕಿದ್ದವು. ಹೆಚ್ಚಿನವು ರೋಮನ್ ಕವಿ ಓವಿಡ್ ಹೇಳಿದ ಕಥೆಗಳು.

ಇದಕ್ಕೆ ಒಳ್ಳೆಯ ಉದಾಹರಣೆ ರೋಮಿನ ಫರ್ನೇಸೆ ಅರಮನೆಯ ಗ್ಯಾಲರಿ. ಕಾರ್ಡಿನಲ್ ಒಡೊಆರ್ದೊ ಫರ್ನೇಸೆಗಾಗಿ ಬೊಲೊನ್ಯಾದ ಚಿತ್ರಕಾರ ಅನ್ನಿಬಾಲೆ ಕರಾಚ್ಚಿ 1597ರ ಸುಮಾರಿಗೆ ಇದರ ಕಮಾನು ಚಾವಣಿಯ ಕೆಲಸ ಹಿಡಿದ. ಅಣ್ಣ ಅಗೊಸ್ತಿನೊ ಜೊತೆಗಿದ್ದ. ವಿಷಯ ದೇವತೆಗಳ ಪ್ರೇಮಪ್ರಸಂಗಗಳು. ನಟ್ಟನಡುವೆ ಮದ್ಯದ ದೇವತೆ ಬ್ಯಾಕಸ್ ಮತ್ತು ಅವನ ಮಡದಿ ಅರಿಯಾಡ್ನೆಯ ಮೆರವಣಿಗೆ. ಈ ಒಂದು ಚಾವಣಿಗಾಗಿ ಮಾಡಿದ ಹಾಳೆಗಳು ಇಂದು ಪ್ಯಾರಿಸ್ಸಿನ ಲೂವ್ರ್, ವಿಂಡ್ಸರ್ ಅರಮನೆ, ವಿಯೆನ್ನಾದ ಆಲ್ಬರ್ಟಿನಾ ಮುಂತಾದ ಕಡೆ ಹಂಚಿಹೋಗಿವೆ.

ಗೋಡೆಗೆ ಹಾಕಿ ನೋಡಲು ಮಾಡಿದ ಹಾಳೆಗಳಲ್ಲ ಇವು. ಹಸಿ ಗಾರೆಯ ಮೇಲೆ ಬಣ್ಣ ಹಾಕುವ ಫ್ರೆಸ್ಕೊದಲ್ಲಿ ಗಾರೆ ಒಣಗುವ ಮುನ್ನ ಕೆಲಸ ಮುಗಿಯಬೇಕು, ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಆದ್ದರಿಂದ ಯೋಚನೆಯೆಲ್ಲ ಕಾಗದದ ಮೇಲೇ ಮುಗಿದಿರಬೇಕಿತ್ತು. ಪುರಾಣದ ದೃಶ್ಯದಲ್ಲಿ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು: ಹತ್ತಾರು ಬೆತ್ತಲೆ ಮೈಗಳು, ಅದರಲ್ಲಿ ಕೆಲವು ಗಾಳಿಯಲ್ಲಿ ತೇಲುವಂಥವು, ನೋಡುವವನು ಕೆಳಗೆ ನಿಂತಿರುತ್ತಾನೆ. ಒಂದೇ ಸಾಮಗ್ರಿಯಿಂದ ಇದೆಲ್ಲ ಬಗೆಹರಿಯುವುದಿಲ್ಲ. ಮೈಗಳನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು ಪೆನ್ನು, ಬೆಳಕು-ನೆರಳು ಹಂಚಲು ವಾಶ್ (ನೀರು ಬೆರೆಸಿದ ಶಾಯಿ), ಒಂದೊಂದು ಮೈಯನ್ನು ರೂಪದರ್ಶಿಯನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಲು ಚಾಕ್.

ಕಾಗದ

ಮರದ ತಿರುಳಿನ ಕಾಗದ ಬಂದದ್ದು 19ನೇ ಶತಮಾನದಲ್ಲಿ. ಬರೋಕ್ ಕಾಲದ ಕಾಗದ ಚಿಂದಿಬಟ್ಟೆಯದು: ಅಗಸೆ ನಾರಿನ ಮತ್ತು ಹೆಂಪ್ (ಗಾಂಜಾ ಜಾತಿಯ ಗಿಡ) ನಾರಿನ ಹಳೆ ಬಟ್ಟೆಯನ್ನು ಕೊಳೆಹಾಕಿ, ನೀರಿನ ಚಕ್ರದಿಂದ ನಡೆಯುವ ಒನಕೆಗಳಲ್ಲಿ ಕುಟ್ಟಿ, ನೀರಲ್ಲಿ ಕದಡಿ, ತಂತಿಯ ಜರಡಿಯಲ್ಲಿ ಎತ್ತಿ ಸೋಸಿದ್ದು. ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ತಂತಿಗೆರೆಗಳೂ, ಅವಕ್ಕೆ ಅಡ್ಡಲಾಗಿ ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ಹೊಲಿಗೆಯ ಗೆರೆಗಳೂ ಕಾಣುತ್ತವೆ. ಜರಡಿಯನ್ನು ಆಳೇ ಕೈಯಲ್ಲಿ ಎತ್ತಬೇಕಾದ್ದರಿಂದ ಹಾಳೆಯ ಅಳತೆಗೂ ಮಿತಿ ಇತ್ತು. ಇಟಲಿಯಲ್ಲಿ ಬಹುಕಾಲ ನಡೆದುಬಂದ ‘ಇಂಪೆರಿಯಾಲೆ’ ಎಂಬ ದೊಡ್ಡ ಹಾಳೆ ಸುಮಾರು 50 × 74 ಸೆಂ.ಮೀ.

ಒಣಗಿದ ಹಾಳೆಯನ್ನು ಪ್ರಾಣಿಚರ್ಮದಿಂದ ಕುದಿಸಿ ತೆಗೆದ ತೆಳು ಸರೇಸಿನಲ್ಲಿ ಅದ್ದುತ್ತಿದ್ದರು. ಮುಂದಿನ ಕೆಲಸವೆಲ್ಲ ಈ ಲೇಪವನ್ನೇ ನಂಬಿದೆ. ಸರೇಸು ಸರಿಯಿದ್ದರೆ ಶಾಯಿ ಮೇಲ್ಮೈಯಲ್ಲಿ ನಿಲ್ಲುತ್ತದೆ, ವಾಶ್ ಸಮನಾಗಿ ಹರಿಯುತ್ತದೆ. ಸಾಲದಿದ್ದರೆ ಗೆರೆಯ ಅಂಚು ನಾರುನಾರಾಗಿ ಹರಡುತ್ತದೆ. ಒಂದೇ ಜಾಗವನ್ನು ಹಲವು ಸಲ ಉಜ್ಜಿ ಅಳಿಸಿದರೂ ಸರೇಸು ಕಿತ್ತುಹೋಗುತ್ತದೆ. ಆಮೇಲೆ ಅಲ್ಲಿ ವಾಶ್ ಹಾಕಿದರೆ ಆ ಭಾಗ ಮಾತ್ರ ಕಲೆಯ ಹಾಗೆ ಗಾಢವಾಗುತ್ತದೆ. ಹಿಗ್ಗಿಸಿದ ಚಿತ್ರದಲ್ಲಿ ಇಂಥ ಕಲೆ ಸಿಕ್ಕರೆ ಕಲಾವಿದ ಅಲ್ಲಿ ತಡಕಾಡಿದ್ದಾನೆ ಎಂದು ಅನುಮಾನಿಸಬಹುದು.

ನೀಲಿ ಕಾಗದ ನೀಲಿ ಚಿಂದಿಯಿಂದಲೇ ಬಂದದ್ದು: ನೀಲಿ ಗಿಡದ ಅಥವಾ ಯುರೋಪಿನದೇ ಆದ ವೋಡ್ ಗಿಡದ ಬಣ್ಣ ಹಾಕಿದ ಹಳೆ ಬಟ್ಟೆ. ಬಿಳಿ ಚಿಂದಿ ಬರೆಯುವ ಕಾಗದಕ್ಕೆ ಹೋಗುತ್ತಿತ್ತು, ಇದು ಅಗ್ಗದ ಮಾಲು. ಕಲಾವಿದರಿಗೆ ಅದೇ ವರವಾಯಿತು. ಬಿಳಿ ಹಾಳೆಯಲ್ಲಿ ನೆರಳನ್ನು ಮಾತ್ರ ಬರೆಯಬಹುದು. ನೀಲಿ ಹಾಳೆ ತಾನೇ ಮಧ್ಯಮ ಛಾಯೆ, ಆದ್ದರಿಂದ ಕಪ್ಪಿನಿಂದ ನೆರಳನ್ನೂ ಬಿಳಿಯಿಂದ ಬೆಳಕನ್ನೂ ಎರಡು ದಿಕ್ಕಿಗೆ ಎಳೆಯಬಹುದು. ಅರ್ಧ ಕೆಲಸ ಕಾಗದವೇ ಮಾಡಿರುತ್ತದೆ. ವೆನಿಸ್ಸಿನವರ ಈ ರೂಢಿಯನ್ನು ಅನ್ನಿಬಾಲೆ ಫರ್ನೇಸೆ ಚಾವಣಿಯ ಮೈಗಳ ಅಭ್ಯಾಸಕ್ಕೆ ಹೇರಳವಾಗಿ ಬಳಸಿದ. ರೋಮಿನಲ್ಲಿದ್ದ ಕ್ಲೋದ್ ಲೊರೇನ್ ತನ್ನ ವರ್ಣಚಿತ್ರಗಳ ದಾಖಲೆಗೆ ಇಟ್ಟುಕೊಂಡಿದ್ದ ಪುಸ್ತಕದಲ್ಲಿ (ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ) ಬಿಳಿ ಮತ್ತು ನೀಲಿ ಹಾಳೆಗಳನ್ನು ಸರದಿಯಂತೆ ಸೇರಿಸಿದ್ದ. ಎಚ್ಚರಿಕೆ ಒಂದೇ: ಬೆಳಕು ಬಿದ್ದು ಬಿದ್ದು ಈ ನೀಲಿ ಮಾಸುತ್ತದೆ. ಇಂದು ಬೂದು, ಹಸಿರುಬೂದು, ಕೆಲವೊಮ್ಮೆ ಕಂದಾಗಿಯೇ ಕಾಣುವ ಹಾಳೆ ಮೊದಲು ನೀಲಿಯಾಗಿದ್ದಿರಬಹುದು.

ಇದ್ದಿಲು, ಕಪ್ಪು ಚಾಕ್, ಕೆಂಪು ಚಾಕ್

ಇಲ್ಲಿ ಚಾಕ್ ಎಂದರೆ ಶಾಲೆಯ ಸೀಮೆಸುಣ್ಣವಲ್ಲ, ನೆಲದಿಂದ ಅಗೆದ ಮೆತ್ತನೆಯ ಕಲ್ಲು. ಕಪ್ಪು ಚಾಕ್ ಇಂಗಾಲ ಸೇರಿಕೊಂಡ ಜೇಡಿಪದರದ ಕಲ್ಲು. ಕೆಂಪು ಚಾಕ್ ಕಬ್ಬಿಣದ ಆಕ್ಸೈಡ್ ಬೆರೆತ ಜೇಡಿ, ಅಂದರೆ ನಮ್ಮ ಕಾವಿಯ ಜಾತಿಯದೇ. ಗರಗಸದಲ್ಲಿ ಕಡ್ಡಿಯಾಗಿ ಕುಯ್ದು ಹಿಡಿಕೆಗೆ ಸಿಕ್ಕಿಸಿ ಬರೆಯುತ್ತಿದ್ದರು.

ಮೊದಲ ಗೆರೆ ಬಹಳ ಸಲ ಇದ್ದಿಲಿನದು, ಏಕೆಂದರೆ ಅದನ್ನು ಹಕ್ಕಿಯ ಗರಿಯಿಂದ ಕೊಡವಿದರೂ ಹೋಗುತ್ತದೆ. ಕಪ್ಪು ಚಾಕ್ ಕಾಗದವನ್ನು ಕಚ್ಚಿಕೊಳ್ಳುತ್ತದೆ. ಬ್ರೆಡ್ಡಿನ ತಿರುಳಿನಿಂದ ಉಜ್ಜಿದರೆ ತೆಳುವಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕೆಂಪು ಚಾಕ್ ಇನ್ನೂ ಹಟಮಾರಿ, ಬರೆದದ್ದು ಬರೆದಂತೆ. ಆದರೆ ತುದಿ ಚೂಪಾಗಿ ನಿಲ್ಲುತ್ತದೆ, ಬಣ್ಣ ಮೈಬಣ್ಣಕ್ಕೆ ಹತ್ತಿರ, ತುದಿಯನ್ನು ಒದ್ದೆ ಮಾಡಿದರೆ ಗೆರೆ ಗಾಢವಾಗುತ್ತದೆ. ಒಂದೊಂದೇ ಮೈಯ ಅಭ್ಯಾಸಕ್ಕೆ ಅದನ್ನು ಆರಿಸುತ್ತಿದ್ದದ್ದು ಇದಕ್ಕೇ. ಕೆಂಪು ಚಾಕಿನ ಚಿತ್ರದ ಮೇಲೆ ಒದ್ದೆ ಹಾಳೆಯಿಟ್ಟು ಒತ್ತಿದರೆ ತಿರುಗಿದ ಇನ್ನೊಂದು ಪ್ರತಿ ಸಿಗುತ್ತದೆ. ಅಂಥ ಪ್ರತಿಯಲ್ಲಿ ಗೆರೆ ಪೇಲವವಾಗಿರುತ್ತದೆ, ನೆರಳಿನ ಓರೆಗೆರೆಗಳು ಎಡಗೈಯವರು ಎಳೆದಂತೆ ವಾಲಿರುತ್ತವೆ.

ರೂಪದರ್ಶಿಗಳ ಬಗ್ಗೆ ಒಂದು ಮಾತು. ಸ್ಟುಡಿಯೊಗಳಲ್ಲಿ ಬೆತ್ತಲೆ ನಿಲ್ಲುತ್ತಿದ್ದವರು ಬಹುಪಾಲು ಗಂಡಸರು, ಹಲವು ಸಲ ಸಹಾಯಕ ಹುಡುಗರು. ವೀನಸ್, ಡಯಾನಾರಂಥ ದೇವತೆಯರ ಭುಜ ಪೈಲ್ವಾನರ ಭುಜದಂತೆ ಕಂಡರೆ ಇದೂ ಒಂದು ಕಾರಣ. ರೋಮಿನಲ್ಲಿದ್ದ ಫ್ರೆಂಚ್ ಚಿತ್ರಕಾರ ನಿಕೊಲಾ ಪೂಸ್ಸೆಂ ಇಡೀ ದೃಶ್ಯಕ್ಕೆ ಇನ್ನೊಂದು ದಾರಿ ಹಿಡಿದಿದ್ದ. ಪೆಟ್ಟಿಗೆಯೊಳಗೆ ಮೇಣದ ಗೊಂಬೆಗಳನ್ನು ನಿಲ್ಲಿಸಿ, ಒದ್ದೆ ಬಟ್ಟೆ ಉಡಿಸಿ, ಪಕ್ಕದ ಕಿಂಡಿಯಿಂದ ಬೆಳಕು ಬಿಟ್ಟು ನೆರಳು ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದ. ಅವನ ಪೌರಾಣಿಕ ಚಿತ್ರಗಳಲ್ಲಿ ನೆರಳುಗಳು ಅಷ್ಟು ಖಚಿತವಾಗಿ ತುಂಡರಿಸಿದಂತಿರುವುದು ಅದರಿಂದ.

ಗ್ವೆರ್ಚಿನೊ ಮುಂತಾದ ಬೊಲೊನ್ಯಾ ಕಡೆಯವರು ಇದ್ದಿಲನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ಬಳಸಿದ್ದೂ ಉಂಟು. ಮಖಮಲ್ಲಿನಂಥ ಕಪ್ಪು ಬರುತ್ತದೆ, ಉದುರುವುದಿಲ್ಲ. ವರ್ಷಗಳು ಕಳೆದಂತೆ ಎಣ್ಣೆ ಕಾಗದದೊಳಗೆ ಹರಡಿ ಪ್ರತಿ ಗೆರೆಯ ಸುತ್ತ ಹಳದಿಗಂದು ಪ್ರಭೆ ಕಟ್ಟುತ್ತದೆ.

ಕಂದು ಶಾಯಿ ಎಂದರೆ ಯಾವುದು?

ವಿವರಣೆಯಲ್ಲಿ ‘ಕಂದು ಶಾಯಿ’ ಎಂದಷ್ಟೇ ಇರುವುದಕ್ಕೆ ಕಾರಣವಿದೆ. ಎರಡು ಬೇರೆಬೇರೆ ಶಾಯಿಗಳು ಇಂದು ಒಂದೇ ಬಣ್ಣದಲ್ಲಿ ಕಾಣುತ್ತವೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲನೆಯದು ಕಬ್ಬಿಣದ ಶಾಯಿ. ಓಕ್ ಮರಕ್ಕೆ ಕಣಜದ ಜಾತಿಯ ಹುಳು ಮೊಟ್ಟೆಯಿಟ್ಟಾಗ ಆ ಜಾಗದಲ್ಲಿ ಗಂಟು ಕಟ್ಟುತ್ತದೆ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಮಾಚಿಕಾಯಿ ಎಂದು ಮಾರುವುದು ಇದನ್ನೇ. ಅದರ ತುಂಬ ಒಗರಾದ ಟ್ಯಾನಿನ್. ಇನ್ನೊಂದು ಸಾಮಗ್ರಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಮೂರನೆಯದು ಜಾಲಿ ಜಾತಿಯ ಮರದ ಗೋಂದು. ಹಳೆಯ ಪಾಕಗಳಲ್ಲಿ ಅಳತೆ ಒಬ್ಬೊಬ್ಬರದು ಒಂದೊಂದು. ಮತ್ತೆ ಮತ್ತೆ ಕಾಣುವುದು ತೂಕದಲ್ಲಿ 3 ಭಾಗ ಕಾಯಿ, 2 ಭಾಗ ಅನ್ನಭೇದಿ, 1 ಭಾಗ ಗೋಂದು. ಕಾಯಿಯನ್ನು ಜಜ್ಜಿ ಮಳೆನೀರಲ್ಲೋ ಬಿಳಿ ವೈನಿನಲ್ಲೋ ಹಲವು ದಿನ ನೆನೆಹಾಕಿ ಸೋಸಿ, ಆಮೇಲೆ ಅನ್ನಭೇದಿ ಬೆರೆಸಿ, ಕೊನೆಗೆ ಗೋಂದು ಹಾಕುತ್ತಾರೆ. ಗೋಂದು ಕಡಿಮೆಯಾದರೆ ಶಾಯಿ ನೀರಿನಂತೆ ಓಡಿ ಸಿಡಿಯುತ್ತದೆ. ಹೆಚ್ಚಾದರೆ ಗರಿಯಿಂದ ಇಳಿಯುವುದೇ ಇಲ್ಲ.

ಈ ಶಾಯಿ ಬರೆದ ಗಳಿಗೆಯಲ್ಲಿ ಪೇಲವ. ಗಾಳಿಯ ಆಮ್ಲಜನಕ ತಗುಲಿದಂತೆ ಕಬ್ಬಿಣ ರೂಪ ಬದಲಿಸಿ ಕಾಗದದ ನಾರಿನೊಳಗೇ ನೀರಿಗೆ ಕರಗದ ಕಪ್ಪಾಗಿ ಕೂರುತ್ತದೆ. ಅಂದರೆ ಬರೋಕ್ ಕಲಾವಿದ ನೋಡುತ್ತಿದ್ದದ್ದು ನೀಲಿಗಪ್ಪು ಗೆರೆ. ನಾವು ನೋಡಿ ಮೆಚ್ಚುವ ಬೆಚ್ಚನೆಯ ಕಂದು ಬಣ್ಣ, ಶಾಯಿ ಹಳತಾದದ್ದರ ಫಲ.

ಎರಡನೆಯದು ಬಿಸ್ಟರ್: ಒಲೆಯ ಹೊಗೆಗೂಡಿನಲ್ಲಿ ಕಟ್ಟಿದ ಇಲ್ಲಣ. ಬೀಚ್ ಮರದ ಸೌದೆಯದು ಒಳ್ಳೆಯದೆಂದು ಹೆಸರು. ಹೊಳೆಯುವ ಡಾಂಬರಿನಂಥ ಹೆಕ್ಕಳಿಕೆಯನ್ನು ಪುಡಿಮಾಡಿ ನೀರಲ್ಲಿ ಕುದಿಸಿ ಸೋಸಿದರೆ ಹಳದಿಗಂದಿನಿಂದ ಕಡುಗಂದಿನವರೆಗೆ ಪಾರದರ್ಶಕ ಬಣ್ಣ ಬರುತ್ತದೆ. ಇದು ಮೊದಲಿನಿಂದಲೂ ಕಂದೇ. ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ.

ಮೂರನೆಯ ಹೆಸರೊಂದನ್ನು ಎಲ್ಲರೂ ಧಾರಾಳವಾಗಿ ಬಳಸುತ್ತಾರೆ: ಸೆಪಿಯಾ. ಅದು ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಮಸಿ. ಚಿತ್ರಕಾರರ ಶಾಯಿಯಾಗಿ ಅದು ಬಳಕೆಗೆ ಬಂದದ್ದು 18ನೇ ಶತಮಾನದ ಕೊನೆಯಲ್ಲಿ. 1600ರ ದಶಕದ ಹಾಳೆಗೆ ‘ಸೆಪಿಯಾ’ ಎಂದು ಬರೆದಿದ್ದರೆ ಆ ವಿವರಣೆಯನ್ನು ಅಷ್ಟು ನಂಬಬೇಕಿಲ್ಲ.

ಗೆರೆ ಎಳೆಯಲು ಹೆಬ್ಬಾತಿನ ರೆಕ್ಕೆಯ ಗರಿ. ಬಿಸಿ ಮರಳಲ್ಲಿ ಕಾಯಿಸಿ ಗಟ್ಟಿ ಮಾಡಿ, ಓರೆಯಾಗಿ ಕುಯ್ದು, ತುದಿಗೆ ಸೀಳು ಕೊಟ್ಟರೆ ಲೇಖನಿ ಸಿದ್ಧ. ಒತ್ತಿದರೆ ಸೀಳು ಅಗಲಿಸಿ ಗೆರೆ ದಪ್ಪವಾಗುತ್ತದೆ, ಸಡಿಲಿಸಿದರೆ ಕೂದಲೆಳೆಯಷ್ಟು ತೆಳು. ಬ್ಯಾಕಸ್‌ನ ಗುಂಪಿನಲ್ಲಿ ಒಂದೇ ಎಳೆತದಲ್ಲಿ ತೊಡೆಯ ಉಬ್ಬು ಮೂಡುವುದು ಈ ದಪ್ಪ-ತೆಳುವಿನಿಂದ. ಶಾಯಿ ಅಳಿಸಲಾಗದು; ಆದ್ದರಿಂದ ಕೈ ಎಲ್ಲಿರಬೇಕೆಂದು ತೋಚದಿದ್ದಾಗ ಕಲಾವಿದ ಮೂರು ಕೈ ಬರೆದುಬಿಡುತ್ತಾನೆ. ಕೊನೆಗೆ ಒಪ್ಪಿದ್ದನ್ನು ದಪ್ಪಗೆ ತಿದ್ದುತ್ತಾನೆ, ಉಳಿದವು ಹಾಗೇ ಇರುತ್ತವೆ. ಹಿಗ್ಗಿಸಿ ನೋಡುವಾಗ ಮೊದಲು ಹುಡುಕಬೇಕಾದ್ದು ಇವನ್ನೇ. ನಕಲು ಮಾಡುವವನಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಅವನ ಹಾಳೆಯಲ್ಲಿ ಇಂಥ ತಡಕಾಟ ಅಪರೂಪ.

ವಾಶ್: ನೀರು ಮತ್ತು ಗಡಿಯಾರ

ಶಾಯಿಗೆ ನೀರು ಬೆರೆಸಿ ಕುಂಚದಲ್ಲಿ ಬಳಿಯುವುದೇ ವಾಶ್. ಸಾಮಾನ್ಯವಾಗಿ ಎರಡು ಮೂರು ಹದ ಸಾಕು. ಮೊದಲು ತೀರ ತೆಳುವಾದದ್ದನ್ನು ನೆರಳಿನ ಇಡೀ ಜಾಗಕ್ಕೆ, ಒಣಗಿದ ಮೇಲೆ ಮಧ್ಯಮದ್ದನ್ನು ಅದರೊಳಗಿನ ಚಿಕ್ಕ ಜಾಗಕ್ಕೆ, ಕೊನೆಗೆ ಗಾಢವಾದದ್ದನ್ನು ಕಂಕುಳು, ಬಟ್ಟೆಯ ಮಡಿಕೆಯಂಥ ಸಂದುಗಳಿಗೆ. ಬೆಳಕು ಬೇಕಾದ ಕಡೆ ಕುಂಚ ಮುಟ್ಟಿಸಲೇಬಾರದು.

ಕೆಡುವುದು ವೇಗದಲ್ಲಿ. ಬಳಿದ ಅಂಚು ಒದ್ದೆಯಿರುವಾಗಲೇ ಮುಂದಕ್ಕೆ ಎಳೆಯಬೇಕು. ಅಂಚು ಒಣಗಿತೆಂದರೆ ಬಣ್ಣದ ಕಣಗಳು ಅಲ್ಲಿಗೆ ಹೋಗಿ ಸೇರಿ ಗಡಸು ಗೆರೆ ನಿಲ್ಲುತ್ತದೆ. ಪೂಸ್ಸೆಂನಂಥವರು ಆ ಗಡಸು ಅಂಚನ್ನು ಬೇಕೆಂದೇ ಉಳಿಸಿಕೊಂಡರು. ಬಿಸ್ಟರಿನ ಗೆರೆಯ ಮೇಲೆ ವಾಶ್ ಹಾಯ್ದರೆ ಗೆರೆ ಕದಡುತ್ತದೆ. ಒಣಗಿದ ಕಬ್ಬಿಣದ ಶಾಯಿ ಕದಡುವುದಿಲ್ಲ. ಅದೇ ಕಬ್ಬಿಣದ ಶಾಯಿಯನ್ನು ವಾಶಿಗೂ ಬಳಸಿದರೆ ಬೇರೆ ಪಾಡು: ಬಳಿದಾಗ ಪೇಲವ, ಆಮೇಲೆ ಎಷ್ಟು ಕಪ್ಪಾಗುತ್ತದೆಂದು ಊಹೆ ಮೇಲೆ ಹೋಗಬೇಕು. ಗೆರೆಗೆ ಕಬ್ಬಿಣದ ಶಾಯಿ, ವಾಶಿಗೆ ಬಿಸ್ಟರ್ ಎಂಬ ಜೋಡಿ ಅದಕ್ಕೇ ಅನುಕೂಲ.

ಜಿನೋವಾದ ಜೊವಾನ್ನಿ ಬೆನೆದೆತ್ತೊ ಕಾಸ್ತಿಲಿಯೋನೆ ನೀರಿನ ತಂಟೆಯನ್ನೇ ಬಿಟ್ಟ. ಒರಟಾಗಿ ಅರೆದ ಕೆಂಗಂದು ಬಣ್ಣವನ್ನು ಎಣ್ಣೆಯಲ್ಲಿ ಕಲಸಿ, ಅರ್ಧ ಒಣಗಿದ ಕುಂಚದಿಂದ ನೇರ ಕಾಗದದ ಮೇಲೆ ಬರೆದ. ಕುಂಚದ ಪ್ರತಿ ಕೂದಲಿನ ಗೀರೂ ಕಾಣುವ ಈ ಹಾಳೆಗಳು ರೇಖಾಚಿತ್ರಕ್ಕೂ ವರ್ಣಚಿತ್ರಕ್ಕೂ ನಡುವಿನವು.

ಬೆಳಕು ಕಪ್ಪಾದಾಗ

ಕೊನೆಯ ಪದರ ಬಿಳಿಯ ಮೆರುಗು: ಭುಜದ ತುದಿ, ಮೊಣಕಾಲು, ಮೋಡದ ಅಂಚು. ಚಾಕಿನ ಚಿತ್ರಕ್ಕೆ ಬಿಳಿ ಚಾಕ್ ಸಾಕಿತ್ತು. ಪೆನ್ನು-ವಾಶ್ ಚಿತ್ರಕ್ಕೆ ಸೀಸದ ಬಿಳಿ ಪುಡಿಯನ್ನು ಗೋಂದಿನ ನೀರಲ್ಲಿ ಕಲಸಿ ಕುಂಚದಿಂದ ಹಚ್ಚುತ್ತಿದ್ದರು.

ಕೆಲವು ಹಾಳೆಗಳಲ್ಲಿ ಬೆಳಗಬೇಕಾದ ಜಾಗದಲ್ಲೇ ಬೂದು ಅಥವಾ ಕಪ್ಪು ಗೀರುಗಳಿರುತ್ತವೆ, ದೇವತೆಯ ಹಣೆಗೆ ಮಸಿ ಬಳಿದಂತೆ. ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಸೀಸದೊಡನೆ ಸೇರಿ ಕಪ್ಪು ಲೆಡ್ ಸಲ್ಫೈಡ್ ಆಗಿರುವುದೇ ಇದಕ್ಕೆ ಕಾರಣ. ವರ್ಣಚಿತ್ರದಲ್ಲಿ ಅದೇ ಬಿಳಿಯನ್ನು ಎಣ್ಣೆಯ ಪದರ ಕಾಯುತ್ತದೆ. ಕಾಗದದ ಮೇಲಿನ ತೆಳು ಗೋಂದಿಗೆ ಆ ಶಕ್ತಿಯಿಲ್ಲ. ಸಂರಕ್ಷಕರು ಹೈಡ್ರೋಜನ್ ಪೆರಾಕ್ಸೈಡನ್ನು ಬಹು ಎಚ್ಚರದಿಂದ ಮುಟ್ಟಿಸಿ ಅದನ್ನು ಬಿಳಿಯಾದ ಲೆಡ್ ಸಲ್ಫೇಟ್ ಆಗಿ ಬದಲಿಸಬಲ್ಲರು. ಮತ್ತೆ ಬಿಳಿ ಬರುತ್ತದೆ. ರಾಸಾಯನಿಕವಾಗಿ ಅದು ಹಳೆಯ ಬಿಳಿಯಲ್ಲ.

ಹಾಳೆಯಿಂದ ಚಾವಣಿಗೆ

ಚೌಕಳಿ ಹಾಕುವುದು ಗಾತ್ರ ಹೆಚ್ಚಿಸಲು. 30 ಸೆಂ.ಮೀ. ಅಗಲದ ಹಾಳೆಗೆ 3 ಸೆಂ.ಮೀ. ಚೌಕಗಳು ಹತ್ತು, 6 ಮೀಟರ್ ಅಗಲದ ಜಾಗಕ್ಕೆ 60 ಸೆಂ.ಮೀ. ಚೌಕಗಳು ಅಷ್ಟೇ ಹತ್ತು. ಒಂದು ಚೌಕದಲ್ಲಿರುವುದನ್ನು ಇನ್ನೊಂದು ಚೌಕಕ್ಕೆ ಇಳಿಸಿದರೆ ಇಪ್ಪತ್ತು ಪಟ್ಟು ಹಿಗ್ಗುತ್ತದೆ. ಚೌಕಳಿಯಿರುವ ಹಾಳೆ ಎಂದರೆ ಸಂಯೋಜನೆ ಬಹುಮಟ್ಟಿಗೆ ತೀರ್ಮಾನವಾಗಿತ್ತು ಎಂದು ತಿಳಿಯಬಹುದು.

ಹಿಗ್ಗಿಸಿದ ಪೂರ್ಣ ಗಾತ್ರದ ಹಾಳೆಗೆ ಕಾರ್ಟೂನ್ ಎನ್ನುತ್ತಾರೆ. ಇಲ್ಲಿ ಅದರ ಅರ್ಥ ವ್ಯಂಗ್ಯಚಿತ್ರವಲ್ಲ. ಅದರ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕೆಗೆರೆ ಮೂಡುತ್ತದೆ. ಬ್ಲೌಸಿಗೆ ಆರಿ ಕಸೂತಿ ಹಾಕುವವರು ಚುಚ್ಚಿದ ಟ್ರೇಸಿಂಗ್ ಹಾಳೆಯಿಂದ ಡಿಸೈನ್ ಇಳಿಸುವ ಹಾಗೆಯೇ. ಇನ್ನೊಂದು ದಾರಿ, ಕಾರ್ಟೂನನ್ನು ಹಸಿ ಗಾರೆಗೆ ಒತ್ತಿಟ್ಟು ಮೊಂಡು ಕಡ್ಡಿಯಿಂದ ಗೆರೆಗಳ ಮೇಲೆ ಎಳೆಯುವುದು. ಗಾರೆಯಲ್ಲಿ ಗೀರು ಬೀಳುತ್ತದೆ. ಎರಡರಲ್ಲೂ ಕಾರ್ಟೂನ್ ಹರಿದು, ನೆನೆದು, ಕೊಳೆಯಾಗಿ ಹಾಳಾಗುತ್ತದೆ. ಹಾಗಾಗಿ ಉಳಿದವು ಕೆಲವೇ.

ಅಂಥ ಎರಡು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಅಗೊಸ್ತಿನೊ 1599ರ ಸುಮಾರಿಗೆ ಫರ್ನೇಸೆ ಚಾವಣಿಗೆಂದು ಇದ್ದಿಲು ಮತ್ತು ಬಿಳಿ ಚಾಕಿನಲ್ಲಿ ಮಾಡಿದವು. ಒಂದೊಂದೂ ಸುಮಾರು 2 ಮೀಟರ್ ಎತ್ತರ, 4 ಮೀಟರ್ ಅಗಲ. ಹಲವಾರು ಹಾಳೆಗಳನ್ನು ಅಂಟಿಸಿ ಕೂಡಿಸಿದ್ದು. ಒಂದರಲ್ಲಿ ಮುಂಜಾವಿನ ದೇವತೆ ಅರೋರಾ ಬೇಟೆಗಾರ ಸೆಫಲಸ್‌ನನ್ನು ರಥದಲ್ಲಿ ಹೊತ್ತೊಯ್ಯುತ್ತಿದ್ದಾಳೆ, ಅವಳ ಮುದಿ ಗಂಡ ಟಿಥೋನಸ್ ಮಲಗಿ ನಿದ್ದೆ ಮಾಡುತ್ತಿದ್ದಾನೆ. ಇಷ್ಟು ದೊಡ್ಡದಕ್ಕೆ ಪೆನ್ನಿನ ಕೆಲಸ ಸಾಗದು. ಕೆಳಗೆ ನಿಂತವನಿಗೆ ಕಾಣಬೇಕಾದ್ದು ದೊಡ್ಡ ದೊಡ್ಡ ಛಾಯೆಗಳು, ಅದಕ್ಕೆ ಇದ್ದಿಲಿನ ಅಗಲ ಗೆರೆಯೇ ಸರಿ.

ಕಾಗದ ತಿನ್ನುವ ಶಾಯಿ

ಕಬ್ಬಿಣದ ಶಾಯಿ ತಯಾರಾಗುವಾಗಲೇ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ, ಅದು ಕಾಗದದ ಸೆಲ್ಯುಲೋಸನ್ನು ಒಡೆಯುತ್ತದೆ. ಅನ್ನಭೇದಿ ಹೆಚ್ಚು ಬಿದ್ದ ಶಾಯಿಯಲ್ಲಿ ಟ್ಯಾನಿನ್ನಿಗೆ ಸೇರದೆ ಉಳಿದ ಕಬ್ಬಿಣವಿರುತ್ತದೆ. ಅದು ಕಾಗದದ ಉತ್ಕರ್ಷಣವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮೊದಲು ಗೆರೆಯ ಸುತ್ತ ಕಂದು ಹಬ್ಬುತ್ತದೆ, ಆಮೇಲೆ ಹಾಳೆಯ ಹಿಂಬದಿಗೂ ತೋರುತ್ತದೆ, ಮುಂದೆ ಬಿರುಕು, ಕೊನೆಗೆ ಶಾಯಿ ದಟ್ಟವಾಗಿರುವ ನೆರಳಿನ ಭಾಗ ತುಂಡಾಗಿ ಉದುರುತ್ತದೆ. ಶಾಯಿಯನ್ನು ಧಾರಾಳವಾಗಿ ಸುರಿದ ಗ್ವೆರ್ಚಿನೊನ ಎಷ್ಟೋ ಹಾಳೆಗಳಲ್ಲಿ ಈ ಹಾನಿಯಿದೆ.

ಪರೀಕ್ಷೆಗೆ ಬ್ಯಾಥೊಫೆನಾಂತ್ರೊಲಿನ್ ಎಂಬ ರಾಸಾಯನಿಕ ಹಚ್ಚಿದ ಪುಟ್ಟ ಪಟ್ಟಿಯನ್ನು ಒದ್ದೆ ಮಾಡಿ ಗೆರೆಗೆ ಒತ್ತುತ್ತಾರೆ. ಬಿಡಿ ಕಬ್ಬಿಣವಿದ್ದರೆ ಪಟ್ಟಿ ಗುಲಾಬಿಯಾಗುತ್ತದೆ. ಹಾಳೆ ಮುಟ್ಟದ ದಾರಿಯೂ ಇದೆ. ಅತಿಕೆಂಪು ಕಿರಣದ ಕ್ಯಾಮೆರಾದಲ್ಲಿ ಕಬ್ಬಿಣದ ಶಾಯಿ ಮಸುಕಾಗಿ ಮಾಯವಾಗುತ್ತದೆ, ಇಂಗಾಲದ ಕಪ್ಪು ಚಾಕ್ ಉಳಿಯುತ್ತದೆ. ಶಾಯಿಯ ಅಡಿ ಕಲಾವಿದ ಮೊದಲು ಏನು ಬರೆದಿದ್ದ ಎಂಬುದು ಆಗ ಬಯಲಾಗುತ್ತದೆ.

ಮದ್ದು ಕೂಡ ಉಂಟು. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪಿಸಿದ ಕ್ಯಾಲ್ಸಿಯಂ ಫೈಟೇಟ್ ಸ್ನಾನ ಬಿಡಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅನಂತರದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಸ್ನಾನ ಆಮ್ಲವನ್ನು ತಣಿಸುತ್ತದೆ. ತೊಂದರೆಯೆಂದರೆ ಎರಡೂ ನೀರಿನ ಕೆಲಸ. ಅದೇ ಹಾಳೆಯಲ್ಲಿ ಬಿಸ್ಟರ್ ವಾಶ್, ಗೋಂದಿನ ಬಿಳಿ, ಸಡಿಲ ಚಾಕ್ ಇದ್ದರೆ ಸ್ನಾನ ಮಾಡಿಸುವಂತಿಲ್ಲ, ಪೌರಾಣಿಕ ದೃಶ್ಯದ ಹಾಳೆಗಳಲ್ಲಿ ಇವು ಹಲವು ಸಲ ಇರುತ್ತವೆ. ಆದ್ದರಿಂದ ಹೆಚ್ಚಿನ ಕಡೆ ತೇವಾಂಶವನ್ನು 50% ಆಸುಪಾಸಿನಲ್ಲಿ ಹಿಡಿದಿಟ್ಟು, 50 ಲಕ್ಸ್ ಮೀರದ ಬೆಳಕಿನಲ್ಲಿ ಕೆಲವು ತಿಂಗಳಷ್ಟೇ ತೋರಿಸಿ, ಮತ್ತೆ ವರ್ಷಗಟ್ಟಲೆ ಕತ್ತಲ ಪೆಟ್ಟಿಗೆಯಲ್ಲಿಡುತ್ತಾರೆ. ದೂರದಿಂದ ಹೋದವರಿಗೆ ಬೇಕಾದ ಹಾಳೆಯೇ ಸಿಗದೆ ಇನ್ನೊಂದು ತೂಗಿರುವುದು ಈ ಲೆಕ್ಕದಿಂದ. ಹೊರಡುವ ಮುನ್ನ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಆ ಹಾಳೆ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.